ಸೂರನ ಮಗಳು

ಗಂಗೊಳ್ಳಿಯ ಹುಡುಗಿಯೊಬ್ಬಳು ಮಾಲ್ಡೀವ್ಸ್ ದೇಶಕ್ಕೆ ಇಂಗ್ಲಿಷ್ ಕಲಿಸಲು ಹೋಗುತ್ತಾಳಂತೆ ಎಂಬ ಸುದ್ದಿ ಬಂದರಿನಲ್ಲಿ ಬಂಗಡೆಗಿಂತ ಬೇಗ ಖರ್ಚಾಯಿತು. ಕೇಳಿದವರಲ್ಲಿ ಅರ್ಧ ಜನ ನಕ್ಕರು. ಅಲ್ಲಿಯೂ ಕಡಲು, ಅಲ್ಲಿಯೂ ಮೀನು, ಅಲ್ಲಿಯೂ ತೆಂಗಿನಮರ, ಅಷ್ಟಕ್ಕೆ ವಿಮಾನ ಹತ್ತಬೇಕೆ ಎಂದು ಐಸ್ ಪ್ಲಾಂಟಿನ ಕಟ್ಟೆಯ ಮೇಲೆ ಕೂತ ಮಂಜ ಕೇಳಿದ. ಸುಪ್ರೀತಾ ಅವನಿಗೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಮಂಜನ ಬಾಯಿ ಮುಚ್ಚಿಸಲು ಹೊರಟರೆ ಬೇರೆ ಯಾವ ಕೆಲಸಕ್ಕೂ ಪುರುಸೊತ್ತು ಸಿಗುವುದಿಲ್ಲವೆಂದು ಊರಿಗೇ ಗೊತ್ತಿತ್ತು.

ಅವಳು ಕುಂದಾಪುರದಲ್ಲಿ ಬಿ.ಎ., ಉಡುಪಿಯಲ್ಲಿ ಬಿ.ಎಡ್. ಮುಗಿಸಿದವಳು. ಪಾಠದ ಅಭ್ಯಾಸಕ್ಕೆಂದು ಬಾರ್ಕೂರಿನ ಕಡೆಯ ಒಂದು ಶಾಲೆಗೆ ಹಾಕಿದ್ದಾಗ ಅಲ್ಲಿನ ಹಿರಿಯ ಮೇಷ್ಟ್ರೊಬ್ಬರು, ನಿನ್ನ ಇಂಗ್ಲಿಷಿಗೆ ಮೀನಿನ ವಾಸನೆ ಇದೆಯಲ್ಲ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡಿದ್ದರು. ಉಳಿದವರು ನಕ್ಕರು, ಅವಳೂ ನಕ್ಕಳು. ಬಸ್ಸಿನಲ್ಲಿ ಕೂತ ಮೇಲೆ ಮೈಯೆಲ್ಲ ಉರಿಯಿತು. ಕಲಿಸಿದರೆ ಇನ್ನು ಈ ಮೇಷ್ಟ್ರ ನಗೆ ಕೇಳಿಸದ ಜಾಗದಲ್ಲೇ ಕಲಿಸುತ್ತೇನೆ ಎಂಬ ಹಟ ಅಂದು ಹಿಡಿದದ್ದು ಬಿಡಲಿಲ್ಲ.

ಪಾಠದ ತಯಾರಿಗೆ ಅವಳಿಗೆ ಮಕ್ಕಳು ಬೇಕಾಗಿದ್ದರು, ಸಿಕ್ಕಿದ್ದು ಮೀಸೆ ಹೊತ್ತ ಗಂಡಸರು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಊರಿನ ಗಂಡಸರೆಲ್ಲ ಶೆಡ್ಡಿನಲ್ಲಿ ಬಲೆ ದುರಸ್ತಿ ಮಾಡುತ್ತ ಕೂತಿರುತ್ತಾರೆ. ಕೈಗೆ ಕೆಲಸ, ಬಾಯಿಗೆ ಬಿಡುವು. ಸುಪ್ರೀತಾ ಅವರನ್ನೇ ಹಿಡಿದಳು. ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡುತ್ತಿದ್ದೀರಿ, ನಾಳೆ ಏನು ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿ ಕೇಳಿ ಜೀವ ತೆಗೆದಳು. ಎಲ್ಲರಿಗಿಂತ ಶ್ರದ್ಧೆಯ ವಿದ್ಯಾರ್ಥಿ ಅವಳ ಸೋದರಮಾವ ಚಂದಯ್ಯ. ಮೂರು ಕಾಲಕ್ಕೂ ಆತ ಒಂದೇ ಉತ್ತರ ಕೊಡುತ್ತಿದ್ದ, ಆದರೆ ಜೋರಾಗಿ ಕೊಡುತ್ತಿದ್ದ. ಅವಳ ಅಪ್ಪ ಸೂರ ಶೆಡ್ಡಿನ ಕೊನೆಯ ಕಂಬದ ಬುಡದಲ್ಲಿ ಕೂತು ಕೇಳುತ್ತಿದ್ದ. ಅವನನ್ನು ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ಬಲೆಯ ಕಣ್ಣು ಎಣಿಸುತ್ತಿದ್ದ.

ಆ ವರ್ಷ ಎಂದರೆ ಎರಡು ಸಾವಿರದ ಹನ್ನೆರಡು. ಮಂಗಳೂರಿನ ಏಜೆನ್ಸಿಯೊಂದರ ಮೂಲಕ ಅರ್ಜಿ ಹೋಗಿ, ಸೆಪ್ಟೆಂಬರಿನಲ್ಲಿ ಸಂದರ್ಶನಕ್ಕೆ ಕರೆ ಬಂತು. ಕುಂದಾಪುರದ ಸೈಬರ್ ಅಂಗಡಿಯಲ್ಲಿ ಕೂತು, ಕಂಪ್ಯೂಟರಿನ ಕ್ಯಾಮರಾ ಎದುರು, ಆ ಕಡೆಯ ದ್ವೀಪದ ಶಾಲೆಯ ಮಕ್ಕಳಿಗೆ ಒಂದು ಪಾಠ ಮಾಡಿ ತೋರಿಸಬೇಕು. ಹೂವಿನ ಚಿತ್ರ, ಹಣ್ಣಿನ ಚಿತ್ರ ತೋರಿಸಿ ಎಂದು ಏಜೆನ್ಸಿಯ ರತನ್ ಹೇಳಿದ್ದ. ಮೀನಿನ ವಾಸನೆ ಅಂದಿರಾ ಮೇಷ್ಟ್ರೇ, ಇರಲಿ ಎಂದುಕೊಂಡು ಸುಪ್ರೀತಾ ಒಂದು ಬೈಗೆ ಮೀನು, ಒಂದು ಬಂಗಡೆ, ಒಂದು ಅಂಜಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದಳು. ಚಿಕ್ಕದು, ದೊಡ್ಡದು, ಎಲ್ಲಕ್ಕಿಂತ ದೊಡ್ಡದು ಎಂದು ಒಂದೊಂದನ್ನೇ ಬಾಲ ಹಿಡಿದು ಎತ್ತಿದಳು. ಆ ಕಡೆಯ ಮಕ್ಕಳು ಬೆಂಚು ಬಿಟ್ಟು ಕ್ಯಾಮರಾದ ಮೇಲೆ ಬಿದ್ದರು, ತಮ್ಮ ಅಪ್ಪ ಇದಕ್ಕಿಂತ ದೊಡ್ಡದು ಹಿಡಿದಿದ್ದಾನೆಂದು ಇಂಗ್ಲಿಷಿನಲ್ಲೇ ಜಗಳಕ್ಕೆ ನಿಂತರು. ಪ್ರಿನ್ಸಿಪಾಲರು ಪಾಠ ನಿಲ್ಲಿಸಲು ಹೇಳುವುದನ್ನೂ ಮರೆತರು. ಇತ್ತ ಸೈಬರ್ ಅಂಗಡಿಯವನು ಊದುಬತ್ತಿ ಹಚ್ಚಿಟ್ಟು, ಇನ್ನೊಮ್ಮೆ ಈ ಕಡೆ ಬರಬೇಡಿ ಎಂದ. ವಾರ ಕಳೆಯುವಷ್ಟರಲ್ಲಿ ಕೆಲಸ ಸಿಕ್ಕಿತು. ಜನವರಿಯಲ್ಲಿ ಶಾಲೆ ಶುರು, ಅದಕ್ಕೆ ಮೊದಲು ಪಾಸ್‌ಪೋರ್ಟ್ ಆಗಬೇಕು.

ಎಡವಿದ್ದು ಅಲ್ಲಿ. ಹುಟ್ಟಿದ ಸರ್ಟಿಫಿಕೇಟಿನಲ್ಲಿ ತಂದೆ ಸೂರ. ಎಸ್ಸೆಸ್ಸೆಲ್ಸಿಯಿಂದ ಹಿಡಿದು ಬಿ.ಎಡ್.ವರೆಗೆ ಉಳಿದ ಎಲ್ಲದರಲ್ಲೂ ತಂದೆ ಚಂದಯ್ಯ. ಒಬ್ಬಳಿಗೆ ಇಬ್ಬರು ತಂದೆ ಹೇಗಮ್ಮ ಎಂದು ರತನ್ ಕೇಳಿದಾಗ ಸುಪ್ರೀತಾಳಿಗೆ ಮೊದಲು ನಗು ಬಂತು. ಆ ಹೆಸರು ಅಲ್ಲಿರುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅದೊಂದು ತಪ್ಪು ಎಂದು ಮಾತ್ರ ಅವಳಿಗೂ ಮನೆಯವರಿಗೂ ಇಷ್ಟು ವರ್ಷ ಅನ್ನಿಸಿರಲಿಲ್ಲ.

ಅವರದು ಹೆಣ್ಣಿನ ಕಡೆಯಿಂದ ಸಂತಾನ ಎಣಿಸುವ ಮನೆ. ಮನೆ ಅಮ್ಮ ಬೇಬಿಯದು, ಮನೆಯ ಯಜಮಾನಿಕೆ ಅಮ್ಮನ ಅಣ್ಣ ಚಂದಯ್ಯನದು. ಮದುವೆ ಕೂಡಿಸುವುದು, ದೇವರ ಕಾಣಿಕೆ ಕಟ್ಟಿಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ಎಲ್ಲ ಮಾವನ ಕೆಲಸ. ಅಪ್ಪ ಕಡಲಿನಿಂದ ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ, ಮತ್ತೆ ಕಡಲಿಗೆ ಹೋಗುತ್ತಾನೆ. ಒಂದನೇ ಕ್ಲಾಸಿಗೆ ಸುಪ್ರೀತಾಳ ಕೈ ಹಿಡಿದು ಕರೆದುಕೊಂಡು ಹೋದವನು ಚಂದಯ್ಯ. ಮನೆ ಯಜಮಾನ ಯಾರು ಎಂದು ಮೇಷ್ಟ್ರು ಕೇಳಿದರು, ಆತ ಎದೆಯುಬ್ಬಿಸಿ ತನ್ನ ಹೆಸರು ಹೇಳಿದ. ಹೊರಗಿನಿಂದ ವರ್ಗವಾಗಿ ಬಂದಿದ್ದ ಆ ಮೇಷ್ಟ್ರಿಗೆ ಯಜಮಾನನೆಂದರೆ ಅಪ್ಪನೇ. ಅಲ್ಲಿ ಬಿದ್ದ ಹೆಸರು ಕ್ಲಾಸಿನಿಂದ ಕ್ಲಾಸಿಗೆ ಅವಳ ಜೊತೆಗೇ ಪಾಸಾಗುತ್ತ ಬಂತು.

ರತನ್ ತಲೆ ಕೆಡಿಸಿಕೊಳ್ಳುವ ಗಿರಾಕಿಯಲ್ಲ. ಅವನ ಹತ್ತಿರ ಎಲ್ಲಕ್ಕೂ ದಾರಿ ಇತ್ತು. ಸೂರ ಎಂಬವರು ತೀರಿಹೋಗಿದ್ದಾರೆ, ಮಾವ ಮಗುವನ್ನು ದತ್ತು ತೆಗೆದುಕೊಂಡು ಸಾಕಿದ್ದಾರೆ ಎಂದು ಒಂದು ಅಫಿಡವಿಟ್ ಮಾಡಿಸಿದರಾಯಿತು, ಮಧ್ಯಾಹ್ನದೊಳಗೆ ಕೈಗೆ ಬರುತ್ತದೆ, ಅಮ್ಮ ಒಂದು ಸಹಿ ಹಾಕಿದರೆ ಸಾಕು ಎಂದ. ಸರಿಯಾದ ದಾರಿ ಬೇರೆ ಏನಿದೆ ಎಂದು ಅವಳು ಕೇಳಿದಳು. ಕೋರ್ಟಿಗೆ ಹೋಗಿ ತಂದೆಯ ಹೆಸರು ತಿದ್ದಿಸಬೇಕು, ಅಷ್ಟರಲ್ಲಿ ಜನವರಿ ಬಂದು ಹೋಗಿರುತ್ತದೆ, ಆ ಕುರ್ಚಿಯಲ್ಲಿ ಕೇರಳದ ಟೀಚರೊಬ್ಬರು ಕೂತಿರುತ್ತಾರೆ ಎಂದು ರತನ್ ಚಹಾ ತರಿಸಿದ.

ಮನೆಯಲ್ಲಿ ವಿಷಯ ಇಟ್ಟಾಗ ಮೊದಲು ಸಿಡಿದದ್ದು ಬೇಬಿ. ಮೀನಿನ ಬುಟ್ಟಿ ಹೊತ್ತು ಹೆಮ್ಮಾಡಿಯವರೆಗೆ ಮನೆಮನೆ ತಿರುಗುವ ಹೆಂಗಸು ಆಕೆ, ದನಿಗೆ ಬಡತನವಿಲ್ಲ. ಕಡಲಲ್ಲಿ ಗಾಳಿ ಎದ್ದ ದಿನ ಬೋಟು ಬರುವವರೆಗೆ ಒಲೆಗೆ ಬೆಂಕಿ ಹಾಕದವಳಿಗೆ, ಗಂಡ ಸತ್ತಿದ್ದಾನೆಂದು ಸಹಿ ಹಾಕು ಅನ್ನುವುದೆಂದರೇನು.

"ಕುಂಕುಮ ಇಟ್ಕಂಡ್ ಹೋಯಿ, ಗಂಡ ಇಲ್ಲೆ ಅಂದ್ ಸಹಿ ಹಾಕುಕಾ ನಾನ್?" ಎಂದಳು.

ಚಂದಯ್ಯನಿಗೆ ಇದರಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಾಗದ ಸರಕಾರದ್ದು, ಸರಕಾರಕ್ಕೆ ಬೇಕಾದ್ದು ಕೊಟ್ಟರೆ ಮುಗಿಯಿತು, ಹುಡುಗಿ ದೇಶ ಬಿಟ್ಟು ಹೋಗಿ ಟೀಚರ್ ಆಗುವಾಗ ಅಡ್ಡ ಬಾಯಿ ಹಾಕಬೇಡ ಎಂದು ತಂಗಿಯನ್ನು ಗದರಿದ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ತನ್ನ ಹೆಸರು ಅಲ್ಲೇ ಉಳಿಯುತ್ತದೆ ಎಂಬ ಸಂತೋಷ ಮಾತ್ರ ಇತ್ತು, ಅದನ್ನು ಅಡಗಿಸಿಡಲು ಅವನಿಗೆ ಬರುತ್ತಿರಲಿಲ್ಲ.

ಸೂರ ಜಗಲಿಯ ತುದಿಯಲ್ಲಿ ಕೂತಿದ್ದ. ಮನೆಯ ಮಾತುಕತೆಯಲ್ಲಿ ಅವನ ಜಾಗ ಯಾವಾಗಲೂ ಅದೇ. ಎಲ್ಲರೂ ಸುಮ್ಮನಾದ ಮೇಲೆ ಅವನು ಮಗಳ ಮುಖ ನೋಡದೆ ಹೇಳಿದ.

"ಬರ್ಸಿ ಬಿಡ್ ಮಗಾ. ಕಾಗ್ದದಲ್ಲ್ ಸತ್ರೆ ಎಂತ ಆತ್ತ್? ನಾಳೆ ಬೆಳಿಗ್ಗೆ ನಾನ್ ಬೋಟಿಗೆ ಹೋಪವನೇ ಅಲ್ದಾ."

ಹೇಳಿ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಸುಪ್ರೀತಾಳಿಗೆ ರತನ್ ಮೇಲಲ್ಲ, ಮಾವನ ಮೇಲೂ ಅಲ್ಲ, ಇಷ್ಟು ಸಲೀಸಾಗಿ ಎದ್ದು ಜಾಗ ಬಿಟ್ಟುಕೊಡುವ ಈ ಮನುಷ್ಯನ ಮೇಲೆ ಸಿಟ್ಟು ಬಂತು. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದರೂ ಕಂಪೌಂಡಿನ ಹೊರಗೇ ನಿಂತು ನೋಡಿ ಹೋದವನು. ಒಳಗೆ ಬಾ ಎಂದು ತಾನೂ ಒಮ್ಮೆಯಾದರೂ ಕರೆಯಲಿಲ್ಲ ಎಂಬುದು ನೆನಪಾಗಿ ಸಿಟ್ಟು ಇನ್ನೂ ಹೆಚ್ಚಿತು.

"ನೀನ್ ಬದ್ಕಿಪ್ಪತಿಗೆ ನಾನ್ ಅದನ್ ಬರ್ಸುದಿಲ್ಲೆ," ಎಂದಳು. "ಮಾಲ್ಡೀವ್ಸ್ ಅಲ್ಲ, ಸ್ವರ್ಗದಲ್ಲ್ ಕೆಲಸ ಕೊಟ್ರೂ ಬರ್ಸುದಿಲ್ಲೆ."

ಮರುದಿನ ರತನ್‌ಗೆ ಫೋನ್ ಮಾಡಿ ಆಗುವುದಿಲ್ಲ ಎಂದಳು. ಅವನು ಬುದ್ಧಿ ಹೇಳಲು ಶುರುಮಾಡಿದಾಗ ಫೋನ್ ಇಟ್ಟಳು. ಆಮೇಲೆ ದ್ವೀಪದ ಪ್ರಿನ್ಸಿಪಾಲರಿಗೆ ತಾನೇ ಫೋನ್ ಮಾಡಿದಳು. ನಿಧಾನವಾಗಿ, ಪದ ಪದ ಬಿಡಿಸಿ ಮಾತಾಡಬೇಕೆಂದು ಏಜೆನ್ಸಿಯಲ್ಲಿ ಹೇಳಿಕೊಟ್ಟದ್ದೆಲ್ಲ ಗಾಳಿಗೆ ಹೋಯಿತು. ಕುಂದಾಪುರದವರು ಮಾತಾಡುವ ವೇಗದಲ್ಲೇ ಇಂಗ್ಲಿಷ್ ಹೊರಬಿತ್ತು. ನಮ್ಮಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವುದು ಮಾವ, ಅವರ ಹೆಸರು ಅಪ್ಪನ ಜಾಗದಲ್ಲಿ ಬಿದ್ದಿದೆ, ಅಪ್ಪ ಬದುಕಿದ್ದಾರೆ, ಅಫಿಡವಿಟ್‌ನಲ್ಲಿ ಅವರನ್ನು ಸಾಯಿಸಿ ನಾನು ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಅಂಥ ಅಫಿಡವಿಟ್‌ಗಳು ಬೇಕಾದಷ್ಟು ಬರುತ್ತವೆ, ನಾವು ವಿಚಾರಿಸುವುದೂ ಇಲ್ಲ, ನೀವು ಕೊಟ್ಟಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ ಎಂದರು ಪ್ರಿನ್ಸಿಪಾಲರು. ನನ್ನ ಅಪ್ಪನಿಗೆ ಗೊತ್ತಾಗುತ್ತಿತ್ತು ಸರ್ ಎಂದಳು ಅವಳು. ಜನವರಿಯ ಜಾಗ ಕಾದಿಡಲು ಸಾಧ್ಯವಿಲ್ಲ, ವರ್ಷದ ನಡುವೆ ಇನ್ನೊಂದು ತೆರವಾಗಬಹುದು, ಆಗ ಬರೆಯಿರಿ, ಮಾತು ಮಾತ್ರ ಕೊಡಲಾರೆ ಎಂದು ಅವರು ಸಭ್ಯವಾಗಿಯೇ ಹೇಳಿದರು. ಕೆಲಸ ಹೋಯಿತು.

ಅವಳು ಅತ್ತಳು. ಹೊಳೆ ದಂಡೆಯಲ್ಲಿ ಕೂತು ಮನಸಾರೆ ಅತ್ತು, ಮುಖ ತೊಳೆದುಕೊಂಡು, ಬಸ್ಸು ಹತ್ತಿ ಕುಂದಾಪುರಕ್ಕೆ ಹೋಗಿ ವಕೀಲೆ ಪ್ರಭಾವತಿಯವರ ಆಫೀಸಿನಲ್ಲಿ ಕೂತಳು. ಶಾಲೆಯ ಕಾಗದಗಳಲ್ಲಿ ಮಾವನ ಹೆಸರು ತೆಗೆದು ಅಪ್ಪನ ಹೆಸರು ಸೇರಿಸಿ ಎಂದು ಕೇಸು ಹಾಕಿದಳು.

ಇದು ಚಂದಯ್ಯನ ಎದೆಗೆ ನಾಟಿತು. ಊಟ ಬಿಟ್ಟ, ಶೆಡ್ಡಿಗೆ ಬರುವುದನ್ನು ಬಿಟ್ಟ, ಎದುರಿಗೆ ಬಂದರೆ ಮುಖ ತಿರುಗಿಸಿದ. ಕೈ ಹಿಡಿದು ಶಾಲೆಗೆ ಕರೆದುಕೊಂಡು ಹೋದವನನ್ನು ಕೋರ್ಟಿಗೆ ಎಳೆಯುತ್ತಾಳಂತೆ ಎಂದು ಮಂಜ ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಹಂಚಿದ. ಪ್ರಭಾವತಿಯವರು ಮಾತ್ರ ಸ್ಪಷ್ಟವಾಗಿ ಹೇಳಿದ್ದರು, ಮಾವನ ಸಾಕ್ಷಿ ಇಲ್ಲದೆ ಈ ಕೇಸು ನಿಲ್ಲುವುದಿಲ್ಲ. ಸುಪ್ರೀತಾ ಸೀದಾ ಹೋಗಿ ಮಾವನ ಎದುರು ನಿಂತಳು. ನನ್ನ ಹೆಸರು ಅಳಿಸಲು ನನ್ನನ್ನೇ ಕರೆಯಲು ಬಂದೆಯಾ ಎಂದು ಆತ ಕೇಳಿದ. ಆತನ ಕಣ್ಣು ಕೆಂಪಾಗಿತ್ತು.

"ನಿಮ್ಮ ಹೆಸ್ರ್ ನಂಗೆ ಬೇಕ್ ಮಾವ," ಎಂದಳು. "ಮಾವ ಅಂದೇಳಿಯೇ ಬೇಕ್. ನಂಗೆ ಅಪ್ಪ ಇದ್ದ, ಅವನ್ ಜಾಗದಲ್ಲ್ ನಿಮ್ಮನ್ ಕೂರ್ಸಿರೆ ನಂಗೆ ಮಾವ ಇಲ್ದೆ ಆತ್ತ್."

ಚಂದಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಜನವರಿ ಬಂತು, ಹೋಯಿತು. ಸುಪ್ರೀತಾ ಮಕ್ಕಳಿಗೆ ಟ್ಯೂಷನ್ ಹೇಳುತ್ತ, ಮುಂದಿನ ಅರ್ಜಿ ಬರೆಯುತ್ತ ಕೋರ್ಟಿಗೆ ತಿರುಗಿದಳು. ಬೇಸಗೆಯ ಒಂದು ಬೆಳಿಗ್ಗೆ ಸಾಕ್ಷಿಗೆ ದಿನ ಕೊಟ್ಟರು. ಅಪ್ಪ, ಅಮ್ಮ, ಅವಳು ಕುಂದಾಪುರದ ಕೋರ್ಟು ತಲುಪುವಷ್ಟರಲ್ಲಿ ಚಂದಯ್ಯ ಅಲ್ಲಿ ಮೊದಲೇ ಬಂದು, ಮದುವೆಗೆ ಉಡುವ ಪಂಚೆ ಉಟ್ಟು, ಮಾವಿನ ಮರದ ಕೆಳಗೆ ಯಾರನ್ನೂ ನೋಡದೆ ನಿಂತಿದ್ದ. ಅವನನ್ನೇ ಮೊದಲು ಕರೆದರು. ತಂದೆಯಲ್ಲದಿದ್ದ ಮೇಲೆ ತಂದೆಯೆಂದು ಯಾಕೆ ಬರೆಸಿದಿರಿ ಎಂದು ನ್ಯಾಯಾಧೀಶರು ಕೇಳಿದರು.

"ಅಪ್ಪ ಯಾರ್ ಅಂದ್ ಕೇಳ್ಲಿಲ್ಲೆ ಸ್ವಾಮಿ," ಎಂದ ಚಂದಯ್ಯ. "ಯಜಮಾನ ಯಾರ್ ಅಂದ್ ಕೇಂಡ್ರ್. ಯಜಮಾನ ನಾನೇ. ಈಗ್ಲೂ ನಾನೇ."

ಕೋರ್ಟಿನಲ್ಲಿ ನಗು ಎದ್ದಿತು. ನ್ಯಾಯಾಧೀಶರು ಬರೆದುಕೊಂಡು, ಮುಂದಿನ ಸಾಕ್ಷಿ ಎಂದರು. ಜವಾನ ಬಾಗಿಲಿಗೆ ಬಂದು, ಅಂಗಳದ ತುದಿಗೂ ಕೇಳುವಂತೆ, ಅಲ್ಲಿಯ ರೂಢಿಯಂತೆ ಮತ್ತೆ ಮತ್ತೆ ಕೂಗಿದ. ಸೂರ... ಸೂರ... ಸೂರ...

ಹೊರಗಿನ ಬೆಂಚಿನ ಮೇಲಿದ್ದ ಸೂರ ಯಾರನ್ನು ಕರೆಯುತ್ತಿದ್ದಾರೆ ಎಂಬಂತೆ ಅತ್ತಿತ್ತ ನೋಡಿದ. ತನ್ನ ಹೆಸರನ್ನು ಇಷ್ಟು ಗಟ್ಟಿಯಾಗಿ, ಇಷ್ಟು ಜನರ ನಡುವೆ ಅವನು ಹಿಂದೆ ಕೇಳಿದ್ದೇ ಇಲ್ಲ. ಸುಪ್ರೀತಾ ಅವನ ಪಕ್ಕಕ್ಕೆ ಬಂದಳು.

"ನಿನ್ನನ್ನೇ ಕರೆಯುದ್, ಅಪ್ಪಯ್ಯ. ಏಳ್."

ಅವನು ಎದ್ದ. ಮೇಲೆ ಕಟ್ಟಿದ್ದ ಪಂಚೆ ಇಳಿಸಿ, ಒಳಗೆ ಹೋಗಿ, ತೋರಿಸಿದ ಕಟಕಟೆಯಲ್ಲಿ ನಿಂತ. ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ಎಂದು ಗುಮಾಸ್ತ ಶುರುಮಾಡಿದ. ಸೂರ ಅದಕ್ಕೆ ಕಾಯಲಿಲ್ಲ. ಬಾಗಿಲಲ್ಲಿ ನಿಂತ ಸುಪ್ರೀತಾಳ ಕಡೆ ಕೈ ತೋರಿಸಿದ.

"ಇದ್ ನನ್ನ ಮಗಳ್," ಎಂದ.

ಮೊದಲು ಪ್ರಮಾಣ ಆಗಬೇಕು, ಆಮೇಲೆ ಮಾತು ಎಂದು ಗುಮಾಸ್ತ ತಡೆದ.

"ಅದ್ ಮತ್ತೆ ಮಾಡುವ," ಎಂದ ಸೂರ. ಅವನ ದನಿ ಮಾವಿನ ಮರದವರೆಗೂ ಕೇಳಿಸಿತು. "ಮೊದ್ಲ್ ಇದನ್ ಬರ್ಕಣಿ. ಇದ್ ನನ್ನ ಮಗಳ್."