ಟೀವಿ ಇಲ್ಲದ ಮನೆಯ ತಪಾಸಣೆ

ಟೀವಿ ಲೈಸೆನ್ಸ್ ಇನ್‌ಸ್ಪೆಕ್ಟರ್ ಆಗಿ ಹದಿನೇಳು ವರ್ಷ ಮೆಟ್ಟಿಲು ಹತ್ತಿಳಿದವನಿಗೆ ಒಂದು ವಿಷಯ ಮನದಟ್ಟಾಗಿತ್ತು. ಊರಿನಲ್ಲಿ ಯಾರೂ ಟೀವಿ ನೋಡುವುದಿಲ್ಲ. ಬೆಲ್ ಒತ್ತಿದ ಕೂಡಲೇ ಒಳಗೆ ಧಾರಾವಾಹಿಯ ಅಳು ಥಟ್ಟನೆ ನಿಲ್ಲುತ್ತಿತ್ತು. ಬಾಗಿಲು ತೆರೆದವರು, “ನಮ್ಮನೇಲಿ ಟೀವಿ ಇಲ್ಲವಲ್ಲ” ಎನ್ನುತ್ತಿದ್ದರು. ಇದ್ದಬದ್ದ ಕುರ್ಚಿಗಳೆಲ್ಲ ಒಂದೇ ಗೋಡೆಗೆ ಮುಖ ಮಾಡಿರುತ್ತಿದ್ದವು. ಗೋಡೆಯ ಮೇಲೆ ಬೆಡ್‌ಶೀಟ್ ಹೊದ್ದ ಏನೋ ಒಂದು ಇರುತ್ತಿತ್ತು.

“ಅದೇನು?” ಎಂದು ಒಮ್ಮೆ ಒಬ್ಬರನ್ನು ಕೇಳಿದ.

“ಕನ್ನಡಿ.”

“ಮತ್ತೆ ಮುಚ್ಚಿದ್ದೀರಿ?”

“ನೋಡಿಕೊಂಡು ನೋಡಿಕೊಂಡು ಬೇಜಾರಾಯ್ತು.”

ಟೀವಿ ಇಟ್ಟವರೆಲ್ಲ ವರ್ಷಕ್ಕೊಮ್ಮೆ ಲೈಸೆನ್ಸಿಗೆ ಹಣ ಕಟ್ಟಬೇಕಿತ್ತು. ಸರ್ಕಾರಿ ಟೀವಿ ನಡೆಯುತ್ತಿದ್ದದ್ದೇ ಆ ಹಣದಿಂದ. ಆದ್ದರಿಂದ ಟೀವಿ ಇಲ್ಲದ ಮನೆ ಎಂಬುದನ್ನು ಇಲಾಖೆ ಒಪ್ಪುತ್ತಲೇ ಇರಲಿಲ್ಲ. ಮೂರನೇ ಮಹಡಿಯ ಒಂದು ಮನೆಗೆ ಹನ್ನೊಂದು ನೋಟೀಸು ಹೋಗಿದ್ದವು. ಅಲ್ಲಿದ್ದವರು ಒಬ್ಬ ನಿವೃತ್ತ ಭೂಗೋಳದ ಟೀಚರಮ್ಮ. ಹನ್ನೊಂದಕ್ಕೂ ಅವರು, “ನನ್ನಲ್ಲಿ ಟೀವಿ ಇಲ್ಲ, ಬಂದು ನೋಡಿ” ಎಂದು ಉತ್ತರ ಬರೆದಿದ್ದರು. ಕೊನೆಗೆ ಇನ್‌ಸ್ಪೆಕ್ಟರ್ ನೋಡಲು ಹೋದ.

ಒಂದೇ ಕುರ್ಚಿ, ಅದೂ ಕಿಟಕಿಯ ಕಡೆಗೆ. ಅವನು ಬೀರು ತೆಗೆಸಿದ, ಮಂಚದ ಕೆಳಗೆ ಬಗ್ಗಿದ. ಸುರುಳಿ ಸುತ್ತಿದ ನಕಾಶೆಗಳು ಸಿಕ್ಕವು. ಟೀಚರ್ ಅಡುಗೆಮನೆಯಿಂದ ಹಿಟ್ಟಿನ ಡಬ್ಬ ತಂದು ಮುಚ್ಚಳ ತೆಗೆದು ಮುಂದೆ ಹಿಡಿದರು.

“ಇದನ್ನೂ ನೋಡಿಬಿಡಿ. ಆಮೇಲೆ ಮನಸ್ಸಲ್ಲಿ ಕೊರೀಬಾರದು.”

ಅವನು ನಾಚಿಕೊಂಡೇ ಒಳಗೆ ಇಣುಕಿದ.

ಕಚೇರಿಗೆ ಬಂದು ವರದಿ ಬರೆಯಲು ಕೂತರೆ ಫಾರಮ್ಮಿನಲ್ಲಿ ಎರಡೇ ಕಾಲಂ: ‘ಟೀವಿ ಇದೆ’, ‘ಟೀವಿ ಬಚ್ಚಿಟ್ಟಿದ್ದಾರೆ’. ಮೇಲಧಿಕಾರಿಯನ್ನು ಕೇಳಿದ.

“ಇಲ್ಲ ಅನ್ನೋ ಕಾಲಂ ಇಟ್ರೆ ಎಲ್ಲರೂ ಅದರೊಳಗೇ ಹೋಗಿ ಕೂತ್ಕೋತಾರೆ ಕಣಯ್ಯ” ಎಂದರು ಅವರು. “ಬಚ್ಚಿಟ್ಟಿದ್ದಾರೆ ಅಂತ ಹಾಕು.”

ಅವನು ಹಾಗೆಯೇ ಗುರುತು ಹಾಕಿ ಸಹಿ ಮಾಡಿದ. ಹನ್ನೆರಡನೆಯ ನೋಟೀಸು ಹೋಯಿತು. ಅಂದಿನಿಂದ ಆ ಬೀದಿ ಬಂದರೆ ಅವನು ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಒಂದು ದಿನ ಊಟದ ಹೊತ್ತಿಗೆ ಹೆಂಡತಿಯ ಹತ್ತಿರ ಬಾಯಿಬಿಟ್ಟ.

“ವಯಸ್ಸಾದೋರ ಮೇಲೆ ಸುಳ್ಳು ಬರೆದು ಬಂದು ಇಲ್ಲಿ ಅನ್ನ ಕಲಸ್ತಾ ಕೂತಿದ್ದೀರಲ್ಲ” ಎಂದಳು ಅವಳು. “ಹೋಗಿ ತಪ್ಪಾಯ್ತು ಅನ್ನಿ.”

ಹೋಗಲು ಕಾಲು ಬರಲಿಲ್ಲ. ಅಷ್ಟರಲ್ಲಿ ಕಾನೂನೇ ಬದಲಾಯಿತು. ಟೀವಿ ಇರಲಿ ಬಿಡಲಿ, ಪ್ರತಿ ಮನೆಯಿಂದಲೂ ಕರೆಂಟ್ ಬಿಲ್ಲಿನ ಜೊತೆಗೇ ಶುಲ್ಕ ಹಿಡಿಯುವುದು ಎಂದಾಯಿತು. ಹುಡುಕುವುದೇ ಬೇಡವಾದ ಮೇಲೆ ಇನ್‌ಸ್ಪೆಕ್ಟರುಗಳು ಯಾಕೆ? ಉಳಿದವರನ್ನು ಗೋದಾಮಿಗೆ ಕಳಿಸಿ, ಇವನನ್ನು ಟೀವಿ ಕೇಂದ್ರದ ನೆಲಮಹಡಿಯಲ್ಲಿ ‘ವೀಕ್ಷಕರ ದೂರು’ ಎಂಬ ಬೋರ್ಡಿನ ಕೆಳಗೆ ಕೂರಿಸಿದರು. ಒಂದು ಮೇಜು, ಒಂದು ರಿಜಿಸ್ಟರು, ಎಂದೂ ಬಡಿದುಕೊಳ್ಳದ ಒಂದು ಫೋನು.

ಎಂಟನೆಯ ದಿನ ಟೀಚರ್ ಬಂದರು. ಅವನು ಎದ್ದು ನಿಂತ.

“ಅವತ್ತು ನಾನು ಸುಳ್ಳು ಬರೆದೆ ಟೀಚರ್. ತಪ್ಪಾಯ್ತು.”

“ಗೊತ್ತು. ನೋಟೀಸಿನ ಜೊತೆ ನಿಮ್ಮ ವರದೀನೂ ಇಟ್ಟಿದ್ರು. ಸಹಿ ಮಾತ್ರ ದುಂಡಗಿತ್ತು” ಎನ್ನುತ್ತ ಅವರು ಕೂತರು. “ಹೇಗಿದ್ರೂ ದುಡ್ಡು ಹಿಡೀತಾರೆ, ಬಿಡೋದ್ಯಾಕೆ ಅಂತ ನಾನೂ ಟೀವಿ ತಗೊಂಡೆ. ಬರ್ಕೊಳ್ಳಿ. ಹವಾಮಾನ ಹೇಳೋ ಹುಡುಗಿ ದಿನಾ ನಕಾಶೇಲಿ ಕರಾವಳಿಗೆ ಅಡ್ಡ ನಿಂತ್ಕೋತಾಳೆ. ಅಲ್ಲಿನ ಜನ ಕೊಡೆ ತಗೊಂಡು ಹೋಗ್ಬೇಕೋ ಬೇಡ್ವೋ?”

ಅವನು ಬರೆದುಕೊಂಡ. ಮರುದಿನವೂ ಬಂದರು, ಅದರ ಮರುದಿನವೂ. ಹೆಚ್ಚಿನ ದೂರುಗಳು ‘ಸಮಾಲೋಚನ ಸಂಜೆ’ ಎಂಬ ಎರಡು ಗಂಟೆಯ ಚರ್ಚೆಯ ಮೇಲೆ. ಅದರಲ್ಲಿ ನಾಲ್ವರು ಕೂತು ಪರಸ್ಪರ ಒಪ್ಪುತ್ತಿದ್ದರು. ದೇಶದಲ್ಲಿ ಅದನ್ನು ಕೊನೆಯವರೆಗೆ ನೋಡಿದವರು ಟೀಚರ್ ಒಬ್ಬರೇ ಇರಬೇಕು. ರಿಜಿಸ್ಟರು ವಾರಕ್ಕೊಮ್ಮೆ ಮೇಲಕ್ಕೆ ಹೋಗಿ, ಬಿಚ್ಚಿದ ಗುರುತೇ ಇಲ್ಲದೆ ಕೆಳಗೆ ಬರುತ್ತಿತ್ತು.

ಆಡಳಿತ ಸಮಿತಿಯಲ್ಲಿ ವೀಕ್ಷಕರ ಪ್ರತಿನಿಧಿಯ ಸ್ಥಾನ ನಾಲ್ಕು ವರ್ಷದಿಂದ ಖಾಲಿ ಇತ್ತು. ಅವನು ಅರ್ಜಿ ಹುಡುಕಿ ತಂದು ಟೀಚರ್ ಕೈಯಲ್ಲಿ ತುಂಬಿಸಿದ. ಪೈಪೋಟಿಗೆ ಯಾರೂ ಇರಲಿಲ್ಲ, ಆಯ್ಕೆಯಾದರು.

ಮೊದಲ ಸಭೆಯಲ್ಲಿ ಟಿಪ್ಪಣಿ ಬರೆಯಲು ಅವನನ್ನೂ ಕರೆದಿದ್ದರು. ಸಾರ್ವಜನಿಕ ಟೀವಿಗೆ ಬೇರೆಯವರು ಹೇಗೆ ಹಣ ಹೊಂದಿಸುತ್ತಾರೆಂದು ನೋಡಲು ನಿರ್ದೇಶಕರು ಆರು ದೇಶ ಸುತ್ತಿ ಬಂದಿದ್ದರು. ವರದಿ ಓದಿದರು. ಒಂದು ದೇಶದಲ್ಲಿ ನಮ್ಮಲ್ಲಿ ಹಿಂದೆ ಇದ್ದ ಹಾಗೆ ಲೈಸೆನ್ಸು, ಒಂದರಲ್ಲಿ ಈಗಿನ ಹಾಗೆ ಮನೆಗಿಷ್ಟು. ಮೂರನೆಯದರಲ್ಲಿ ಅವರವರ ಆದಾಯ ನೋಡಿ ತೆರಿಗೆ. ಇನ್ನೊಂದು ಕಡೆ ಸರ್ಕಾರವೇ ಕೊಟ್ಟು, ಕೊಟ್ಟಷ್ಟೂ ಹೊಗಳಿಸಿಕೊಳ್ಳುತ್ತದೆ. ಮತ್ತೊಂದು ಕಡೆ ಜಾಹೀರಾತು. ಭೂಕಂಪದ ಸುದ್ದಿ ಮುಗಿಯುವ ಮೊದಲೇ ಸೋಪು ಬರುತ್ತದೆ. ಆರನೆಯ ದೇಶದಲ್ಲಿ ಮಾತ್ರ ಕಾರ್ಯಕ್ರಮವನ್ನು ನಡುವೆ ನಿಲ್ಲಿಸಿ, ನೋಡುವವರನ್ನೇ ಹಣ ಕೇಳುತ್ತಾರೆ, ಕೊಟ್ಟವರಿಗೆ ಒಂದು ಕಾಫಿ ಮಗ್ ಕಳಿಸುತ್ತಾರೆ. ಆ ಮಗ್ ಅನ್ನು ನಿರ್ದೇಶಕರು ತಂದಿದ್ದರು. ಅದು ಕೈಯಿಂದ ಕೈಗೆ ದಾಟಿತು.

“ಆ ಮಗ್ ಕೊಡೋ ದೇಶದೋರು ಯಾಕಪ್ಪ ದುಡ್ಡು ಕೊಡ್ತಾರೆ?” ಟೀಚರ್ ಕೇಳಿದರು.

“ಇಷ್ಟವಾಗತ್ತೆ, ಕೊಡ್ತಾರೆ ಮೇಡಂ.”

“ನಮ್ಮೋರಿಗೆ ಇಷ್ಟವಾಗಿದೆಯಾ?”

“ನಮ್ಮಲ್ಲಿ ಅದರ ಅಗತ್ಯ ಇಲ್ಲವಲ್ಲ, ಬಿಲ್ಲಲ್ಲೇ ಬಂದುಬಿಡತ್ತೆ.”

“ನಿನ್ನೆ ‘ಸಮಾಲೋಚನ ಸಂಜೆ’ ಯಾರ್ಯಾರು ನೋಡಿದ್ರಿ?”

ಒಬ್ಬರು ಕನ್ನಡಕ ಒರೆಸತೊಡಗಿದರು. ಇನ್ನೊಬ್ಬರು, “ನಮ್ಮನೇಲಿ ಮಕ್ಕಳು ಬೇರೆ ಚಾನೆಲ್ ಹಾಕ್ಕೊಂಡಿರ್ತಾರೆ” ಎಂದರು. ನಿರ್ದೇಶಕರು ಮಗ್ ಅನ್ನು ನೆಟ್ಟಗೆ ಇಟ್ಟರು.

“ಪಾಠ ಓದದೆ ಪ್ರಶ್ನೆಪತ್ರಿಕೆ ತೆಗೆಯೋಕೆ ಕೂತಿದ್ದೀರಿ” ಎಂದರು ಟೀಚರ್, ಸ್ವಲ್ಪವೂ ದನಿ ಏರಿಸದೆ. “ಹಾಕಿ, ಎಲ್ಲರೂ ನೋಡೋಣ.”

ಸಭಾಕೋಣೆಯ ದೊಡ್ಡ ಟೀವಿಗೆ ವೈರನ್ನೇ ಎಳೆದಿರಲಿಲ್ಲ. ತಂತ್ರಜ್ಞ ಬಂದು ಜೋಡಿಸಿ, ಹಿಂದಿನ ದಿನದ ಚರ್ಚೆ ಹಾಕಿದ. ಇಪ್ಪತ್ತನೆಯ ನಿಮಿಷಕ್ಕೆ ಲೆಕ್ಕಾಧಿಕಾರಿ ಗೊರಕೆ ಶುರುಮಾಡಿದರು. ನಲವತ್ತನೆಯ ನಿಮಿಷಕ್ಕೆ ನಿರ್ದೇಶಕರು ಕಾರ್ಯದರ್ಶಿಯ ಕಡೆ ವಾಲಿದರು.

“ಇದನ್ನ ಮಂಜೂರು ಮಾಡಿದ ಪುಣ್ಯಾತ್ಮ ಯಾರ್ರೀ?”

“ತಾವೇ ಸರ್. ಆರು ವರ್ಷದಿಂದ ತಾವೇ ಮುಂದುವರಿಸ್ತಾ ಬಂದಿದ್ದೀರಿ.”

ಇನ್‌ಸ್ಪೆಕ್ಟರ್ ಅದನ್ನು ಟಿಪ್ಪಣಿಯಲ್ಲಿ ಇದ್ದದ್ದು ಇದ್ದ ಹಾಗೆ ಬರೆದ. ಹದಿನೇಳು ವರ್ಷದ ನೌಕರಿಯಲ್ಲಿ ಬರೆಯುವಾಗ ಕೈಗೆ ಅಷ್ಟು ಹಗುರವೆನಿಸಿದ್ದು ಅದೇ ಮೊದಲು.

ಚರ್ಚೆಯನ್ನು ಒಂದು ಗಂಟೆಗೆ ಇಳಿಸಿದರು. ಮಿಕ್ಕ ಗಂಟೆಗೆ ಹಾಕಲು ಏನೂ ಇಲ್ಲದೆ, ಗೋದಾಮಿನಲ್ಲಿ ಬಿದ್ದಿದ್ದ ಹಳೆಯ ನಾಟಕಗಳನ್ನು ಹಾಕಿದರು. ಮೊದಲನೆಯದು ಬಂದ ಮರುದಿನ ಬೆಳಿಗ್ಗೆ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಇನ್‌ಸ್ಪೆಕ್ಟರ್ ಬೆಚ್ಚಿಬಿದ್ದ. “ನಾಟಕದಲ್ಲಿ ಮಾತು ಸರಿಯಾಗಿ ಕೇಳಿಸ್ಲಿಲ್ಲ, ನಮ್ಮ ದುಡ್ಡು ತಗೊಂಡು ಏನ್ರೀ ಮಾಡ್ತೀರಾ?” ಎಂದು ಯಾರೋ ಬೈದರು. ಸಂಜೆಯೊಳಗೆ ನಲವತ್ತೊಂದು ಜನ ಬೈದರು. ಅವನು ಹಿಗ್ಗಿ ಹೀರೇಕಾಯಿಯಾಗಿ ಎಲ್ಲವನ್ನೂ ಬರೆದುಕೊಂಡ.

ಮೇಲಿನ ಮಹಡಿಯಲ್ಲಿ ಗಾಬರಿಯಾಯಿತು. ಜನ ನೋಡುತ್ತಿದ್ದಾರೆ, ಮುಂದೇನು ಮಾಡುವುದೆಂದು ತುರ್ತು ಸಭೆ ಕರೆದರು. ಇದನ್ನು ಬೇರೆ ದೇಶಗಳಲ್ಲಿ ಹೇಗೆ ನಿಭಾಯಿಸುತ್ತಾರೆಂದು ನೋಡಿಬರಲು ನಿರ್ದೇಶಕರು ಹೊರಟಿದ್ದಾರೆ. ಇನ್‌ಸ್ಪೆಕ್ಟರ್ ದೂರಿನ ಮೇಜಿಗೆ ಇನ್ನೊಬ್ಬರು ಬೇಕೆಂದು ಕೇಳಿದ್ದಾನೆ. ಉತ್ತರ ಬರುವವರೆಗೆ ಟೀಚರ್ ಎದುರು ಕುರ್ಚಿಯಲ್ಲಿ ಕೂತು ಫೋನ್ ಎತ್ತುತ್ತಾರೆ, ಅವನು ಬರೆದುಕೊಳ್ಳುತ್ತಾನೆ.