ಒಂದೇ ಪೆಟ್ಟಿಗೆಯ ಎರಡು ಚಳಿ

ಸುಕುಮಾರ ಚಮಚದ ಹಿಡಿಯಿಂದ ಕುಟ್ಟುತ್ತಲೇ ಇದ್ದ. ಮಂಜುಗಡ್ಡೆ ಪುಡಿಯಾಗಿ ಹಾರಿ ಅವನ ಮೊಣಕೈ ಮೇಲೆ ಬಿದ್ದು ಕರಗುತ್ತಿತ್ತು. ಪೆಟ್ಟಿಗೆಯ ಒಳಗೋಡೆಗೆ ಅಂಟಿ ಕೂತ ಬೆರಳುದ್ದದ ಗಾಜಿನ ಶೀಸೆ ಮಾತ್ರ ಅಲುಗಲಿಲ್ಲ.

"ಎಂತ ಸುಕುಮಾರಣ್ಣ, ಗುಡ್ಡೆಯ ತಲೆಯ ಮೇಲೆ ಬಾವಿ ತೋಡುವುದಾ?"

ಅವನು ತಿರುಗಿ ನೋಡಿದ. ವಸುಮತಿ. ವರ್ಕಾಡಿಯಲ್ಲಿ ಅವನ ಮನೆ ಇರುವ ವಾರ್ಡಿನ ಆಶಾ ಕಾರ್ಯಕರ್ತೆ. ಜೀಪು ಇಳಿದು ಅರ್ಧ ಗಂಟೆ ಗುಡ್ಡೆ ಹತ್ತಿ ಬಂದಿದ್ದಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ, ಟರ್ಪಾಲಿನ ನೆರಳಿಗೆ ಬಗ್ಗಿ ಒಳಗೆ ಬಂದಳು.

"ಬನ್ನಿ ವಸುಮತಿಯಕ್ಕ," ಎಂದ. ಸ್ವರ ತುಕ್ಕು ಹಿಡಿದ ಹಾಗೆ ಬಂತು. ಮೂರು ದಿನದಿಂದ ಅವನು ಯಾರ ಹತ್ತಿರವೂ ಮಾತಾಡಿರಲಿಲ್ಲ.

ಗೇರುಬೀಜದ ಕಾಲದಲ್ಲಿ ಗುಡ್ಡೆ ಗುತ್ತಿಗೆಗೆ ಹಿಡಿದವನು ಗುಡ್ಡೆಯಲ್ಲೇ ಇರಬೇಕು. ಇಲ್ಲದಿದ್ದರೆ ಬೀಜ ಬೀಳುವುದು ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಕಳೆದ ವರ್ಷದವರೆಗೆ ಹೆಂಡತಿ ಅಮ್ಮಣಿಯೂ ಜೊತೆಗೆ ಬರುತ್ತಿದ್ದಳು. ಈ ಸಲ ಅವನ ಜೊತೆಗೆ ಬಂದದ್ದು ಒಂದು ಚಾಪೆ, ಒಂದು ಸೋಲಾರ್ ಹಲಗೆ, ಒಂದು ಬ್ಯಾಟರಿ, ಮತ್ತೆ ಈ ಪೆಟ್ಟಿಗೆ.

ಅದು ಕಾರಿನಲ್ಲಿ ಇಟ್ಟುಕೊಂಡು ಹೋಗುವ ಫ್ರಿಜ್ಜು. ಸುಕುಮಾರ ಹನ್ನೊಂದು ವರ್ಷ ಶಾರ್ಜಾದಲ್ಲಿ ಒಂದು ಅರಬಿ ಮನೆಯ ಡ್ರೈವರಾಗಿದ್ದ. ಚಳಿಗಾಲದಲ್ಲಿ ಆ ಮನೆಯವರು ಮರಳುಗಾಡಿನಲ್ಲಿ ಡೇರೆ ಹಾಕುವಾಗ ಇದೂ ಜೊತೆಗೆ ಹೋಗುತ್ತಿತ್ತು. ಊರಿಗೆ ಹೊರಡುವ ದಿನ ಯಜಮಾನರು ಇದನ್ನು ಅವನಿಗೇ ಕೊಟ್ಟರು. "ಕಾರಿಲ್ಲದವನಿಗೆ ಕಾರಿನ ಫ್ರಿಜ್ಜು!" ಎಂದು ಅಮ್ಮಣಿ ಎಷ್ಟು ವರ್ಷ ನಗಾಡಿದ್ದಳೋ.

"ಎಂತ ಅದು ಒಳಗೆ?" ವಸುಮತಿ ಬಗ್ಗಿ ನೋಡಿದಳು.

"ಇನ್ಸುಲಿನ್. ಗೋಡೆ ಬಿಡುವುದಿಲ್ಲ."

"ಅಯ್ಯೋ ದೇವರೇ. ಗಟ್ಟಿಯಾಗಿದೆಯಲ್ಲ!"

"ಅದೆಂತ ದೊಡ್ಡ ವಿಷಯ ಅಲ್ಲ. ಕಂಕುಳಲ್ಲಿ ಇಟ್ಟರೆ ಹತ್ತು ನಿಮಿಷಕ್ಕೆ ನೀರಾಗ್ತದೆ. ಒಂದು ವಾರದಿಂದ ಹಾಗೇ ಮಾಡುವುದು."

ವಸುಮತಿ ಚೀಲದಿಂದ ಸಕ್ಕರೆ ನೋಡುವ ಯಂತ್ರ ತೆಗೆದು ಅವನ ಬೆರಳು ಚುಚ್ಚಿದಳು. ಯಂತ್ರ ಕುಂಯ್ ಎಂದಿತು. ಅವಳು ಅದನ್ನು ಅವನ ಕಡೆಗೆ ತಿರುಗಿಸಿದಳು. ಮುನ್ನೂರ ತೊಂಬತ್ತು.

"ಬಾಯಾರಿಕೆ ಉಂಟಾ?"

"ಒಂದು ಕೊಡ ಖಾಲಿ ಮಾಡ್ತೇನೆ. ಬಿಸಿಲಲ್ವಾ ಮಾರಾಯ್ರೆ."

"ಬಿಸಿಲಲ್ಲ. ಒಮ್ಮೆ ಗಟ್ಟಿಯಾದ ಇನ್ಸುಲಿನ್ ಸತ್ತ ಹಾಗೆ. ಕರಗಿದ ಮೇಲೆ ನೋಡ್ಲಿಕ್ಕೆ ಮೊದಲಿನ ಹಾಗೇ ಇರಬಹುದು. ಅದನ್ನು ನಂಬಬಾರದು. ಒಂದು ವಾರ ನೀವು ಮದ್ದಲ್ಲ, ಬರೀ ಸೂಜಿ ಚುಚ್ಚಿಕೊಂಡದ್ದು."

ಸುಕುಮಾರನಿಗೆ ಸಿಟ್ಟು ಬಂತು. ಪೆಟ್ಟಿಗೆಯ ಮುಚ್ಚಳಕ್ಕೆ ಅಂಗೈಯಿಂದ ತಟ್ಟಿ ಹೇಳಿದ: "ಮರಳುಗಾಡಿನ ಬಿಸಿಲಲ್ಲಿ ನಡೆದ ಪೆಟ್ಟಿಗೆ ಇದು. ಇದರ ವಿಷಯ ನನಗೆ ಹೇಳ್ಬೇಡಿ."

"ಸರಿ, ನೀವೇ ಹೇಳಿ. ಇದರಲ್ಲಿ ಎಂತೆಲ್ಲ ಉಂಟು?"

ಅವನು ಒಂದೊಂದೇ ತೋರಿಸಿದ. ಸ್ಟೀಲಿನ ಡಬ್ಬಿಯಲ್ಲಿ ಮೊಸರು, ಮೇಲೆ ಒಡೆದ ಗಾಜಿನ ಹಾಗೆ ಹರಳು. ಕಾಗದದಲ್ಲಿ ಸುತ್ತಿದ ನಾಲ್ಕು ಬೂತಾಯಿ ಮೀನು, ಕಲ್ಲಿನ ಹಾಗೆ ಗಟ್ಟಿ. ಅಡಿಯಲ್ಲಿ ಮೂರು ಪ್ಲಾಸ್ಟಿಕ್ ತೊಟ್ಟೆ, ಬಾಯಿ ಕಟ್ಟಿದ ಸಣ್ಣ ಚೀಲಗಳು, ಒಳಗೆ ಕೆಂಪು.

ಆ ಮೂರನ್ನು ತೋರಿಸುವಾಗ ಅವನ ಕೈ ನಿಧಾನವಾಯಿತು.

ದೀಪಾವಳಿಗೆ ಮೊದಲು ಆಪರೇಷನ್ನಿಗೆಂದು ಮಂಗಳೂರಿಗೆ ಹೊರಟ ಅಮ್ಮಣಿ ಹಿಂದಿನ ದಿನ ಕೂತು ಮೀನಿನ ಮಸಾಲೆ ಅರೆದಿದ್ದಳು. ಕಾಯಿ, ಹುರಿದ ಮೆಣಸು, ಹುಳಿ. ಹನ್ನೆರಡು ತೊಟ್ಟೆ ತುಂಬಿಸಿ, ಗಾಳಿ ಹೋಗಲೆಂದು ಒಂದೊಂದನ್ನೂ ಬೆರಳಿಂದ ಒತ್ತಿ, ಮನೆಯ ಫ್ರೀಜರಿನಲ್ಲಿಟ್ಟಿದ್ದಳು. "ನಾನು ಬರುವವರೆಗೆ ಸಾಕು. ಗಂಜಿ ಉಪ್ಪಿನಕಾಯಿ ತಿಂದು ಮೋರೆ ಸಣ್ಣ ಮಾಡ್ಬೇಡಿ," ಎಂದಿದ್ದಳು. ಅವಳು ಬರಲಿಲ್ಲ. ತೊಟ್ಟೆಗಳ ಮೇಲೆ ಅವಳ ನಾಲ್ಕು ಬೆರಳಿನ ಗುರುತು ಹಾಗೇ ಗಟ್ಟಿಯಾಗಿ ನಿಂತಿತ್ತು. ಸುಕುಮಾರ ಒಂಬತ್ತನ್ನು ಲೆಕ್ಕ ಇಟ್ಟು ತಿಂದ. ಉಳಿದ ಮೂರನ್ನು, ಬೀಗ ಹಾಕಿದ ಮನೆಯಲ್ಲಿ ಕರೆಂಟು ಹೋದರೆ ನೋಡುವವರು ಯಾರು ಎಂದು, ಗುಡ್ಡೆಗೇ ತಂದ.

"ನಂಬರು ಎಷ್ಟಕ್ಕೆ ಇಡುವುದು?" ವಸುಮತಿ ಕೇಳಿದಳು.

"ಮಸಾಲೆಗೆ ಮೈನಸ್ ಹದಿನೆಂಟು. ಮದ್ದಿಗೆ, ಮೊಸರಿಗೆ ನಾಲ್ಕು."

"ಪೆಟ್ಟಿಗೆ ಒಂದೇ ಅಲ್ವಾ?"

"ಅದಕ್ಕೇ ಪಾಲು ಮಾಡಿದ್ದೇನೆ," ಸುಕುಮಾರ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. "ಹಗಲು ಬಿಸಿಲು ಉಂಟು, ಬ್ಯಾಟರಿಗೆ ಬಲ ಉಂಟು. ಹಗಲು ಮಸಾಲೆಗೆ. ರಾತ್ರಿ ಮದ್ದಿಗೆ. ಯಾರಿಗೂ ಮೋಸ ಇಲ್ಲ."

ವಸುಮತಿಗೆ ನಗು ಬಂತು. ಅವನ ಮುಖ ನೋಡಿ ತಡೆದುಕೊಂಡಳು.

"ಅಣ್ಣ, ನೀವು ಇಬ್ಬರಿಗೂ ಮೋಸ ಮಾಡಿದಿರಿ. ಹಗಲು ಮದ್ದು ಗಟ್ಟಿಯಾಗಿ ಸಾಯ್ತದೆ. ರಾತ್ರಿ ಮೀನು ಮಸಾಲೆ ಕರಗ್ತದೆ, ಬೆಳಿಗ್ಗೆ ಮತ್ತೆ ಗಟ್ಟಿಯಾಗ್ತದೆ. ಕರಗಿದಾಗಲೆಲ್ಲ ಅದರಲ್ಲಿರುವ ರೋಗಾಣು ಬೆಳೀತದೆ. ಮತ್ತೆ ಗಟ್ಟಿ ಮಾಡಿದರೆ ಅದು ಸಾಯುವುದಿಲ್ಲ, ಮಲಗ್ತದೆ ಅಷ್ಟೇ. ಒಂದು ಗೂಡಿನ ಪೆಟ್ಟಿಗೆಗೆ ಒಂದೇ ಚಳಿ."

"ಶಾರ್ಜಾದಲ್ಲಿ ಮಾಂಸವೂ ಗಟ್ಟಿಯಾಗಿತ್ತು, ಮಜ್ಜಿಗೆಯೂ ತಂಪಾಗಿತ್ತು! ನಾನೇ ತುಂಬಿಸಿದ್ದು!"

"ಅಲ್ಲಿ ಪೆಟ್ಟಿಗೆ ಎಷ್ಟಿತ್ತು?"

ಸುಕುಮಾರ ಬಾಯಿ ತೆರೆದ. ಶಾರ್ಜಾದ ಜೀಪಿನ ಹಿಂಬದಿ ಅವನ ಕಣ್ಣೆದುರು ಬಂತು. ಎಡಕ್ಕೆ ಮಾಂಸದ ಪೆಟ್ಟಿಗೆ, ಬಲಕ್ಕೆ ಮಜ್ಜಿಗೆಯ ಪೆಟ್ಟಿಗೆ. ಹನ್ನೊಂದು ವರ್ಷ ಎರಡನ್ನೂ ಅವನೇ ಎತ್ತಿ ಇಟ್ಟಿದ್ದ. ಕೊನೆಗೆ ಅವನ ಪಾಲಿಗೆ ಬಂದದ್ದು ಒಂದು.

"ಎರಡು," ಎಂದ. ಹೊರಗೆ ಒಂದು ಗೇರುಹಣ್ಣು ತರಗೆಲೆಯ ಮೇಲೆ ಬಿತ್ತು. ಇಬ್ಬರಿಗೂ ಕೇಳಿಸಿತು.

ವಸುಮತಿ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಗಟ್ಟಿಯದ್ದು, ತಂಪಿನದ್ದು ಎರಡೂ ಬೇಕಾದರೆ ಎರಡು ಗೂಡು, ಎರಡು ನಂಬರು ಇರುವ ಪೆಟ್ಟಿಗೆ ಬೇಕು, ಇಲ್ಲವೇ ಎರಡು ಪೆಟ್ಟಿಗೆ ಬೇಕು ಎಂದಳು. ಒಂದೇ ಇದ್ದರೆ ಯಾವುದು ಮುಖ್ಯ ಎಂದು ಮೊದಲೇ ತೀರ್ಮಾನಿಸಬೇಕು. "ನಿಮಗೆ ಮುಖ್ಯ ಮದ್ದು. ನಾಲ್ಕಕ್ಕೆ ಇಡಿ, ಮತ್ತೆ ಮುಟ್ಟಬೇಡಿ. ನಂಬರು ತೋರಿಸಿದಷ್ಟೇ ಒಳಗೆ ಇರ್ತದೆ ಅಂತ ಇಲ್ಲ, ಸಣ್ಣ ಥರ್ಮಾಮೀಟರು ಒಂದು ಒಳಗೆ ಇಡಿ. ಎರಡರಿಂದ ಎಂಟರ ನಡುವೆ ಇದ್ದರೆ ಮದ್ದು ಬದುಕ್ತದೆ. ಹಾಲು ಮೊಸರಿಗೆ ಐದು ದಾಟಬಾರದು. ಶೀಸೆ ಗೋಡೆಗೆ ತಾಗಬಾರದು, ಡಬ್ಬಿಯಲ್ಲಿ ಹಾಕಿ ನಡುವೆ ಇಡಿ."

"ಮೀನು?"

"ಅವತ್ತಿನದ್ದು ಅವತ್ತಿಗೆ. ಹಸಿ ಮೀನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅಡಿಯಲ್ಲಿ, ಮೊಸರು ಮೇಲೆ. ಮೀನಿನ ನೀರು ಮೊಸರಿಗೆ ಬಿದ್ದರೆ ಕತೆ ಮುಗೀತು. ಈಗ ಏಳಿ, ಹೆಲ್ತ್ ಸೆಂಟರಿಗೆ ಹೋಗುವ. ಡಾಕ್ಟರು ನೋಡ್ಬೇಕು. ಹೊಸ ಶೀಸೆಯೂ ಅಲ್ಲೇ ಸಿಗ್ತದೆ."

"ಗೇರುಬೀಜ?"

"ಗೇರುಬೀಜ ನಾಳೆಯೂ ಬೀಳ್ತದೆ. ನೀವು ಬಿದ್ದರೆ ಹೆಕ್ಕಲಿಕ್ಕೆ ಇಲ್ಲಿ ಯಾರು ಉಂಟು?"

ಸುಕುಮಾರ ಎದ್ದು ಅಂಗಿ ಹಾಕಿಕೊಂಡ. ಪೆಟ್ಟಿಗೆಯ ಹತ್ತಿರ ಹೋಗಿ ನಂಬರನ್ನು ಒಂದೊಂದಾಗಿ ಏರಿಸಿ ನಾಲ್ಕಕ್ಕೆ ನಿಲ್ಲಿಸಿದ. ಶೀಸೆಯ ಸುತ್ತಿನ ಮಂಜು ಬೆವರಲು ಶುರುವಾಯಿತು.

ಇದನ್ನು ಓದುತ್ತಿರುವವರೇ, ಸಂಘದಲ್ಲಿ ಕೂತು ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಪೆಟ್ಟಿಗೆ ಇರಬಹುದು. ಗಲ್ಫಿನಿಂದ ಬಂದದ್ದು, ಯಾತ್ರೆಗೆಂದು ಕೊಂಡದ್ದು, ಮೀನಿನ ಗಾಡಿಯಲ್ಲಿ ಕಟ್ಟಿಕೊಂಡದ್ದು. ಇವತ್ತೇ ಮುಚ್ಚಳ ತೆರೆದು ನೋಡಿ, ಒಳಗೆ ಎಷ್ಟು ಗೂಡು ಉಂಟು ಎಂದು. ಒಂದೇ ಆದರೆ ಒಂದೇ ಚಳಿ ಇಡಿ, ಗಟ್ಟಿಯದ್ದೋ, ತಂಪಿನದ್ದೋ. ನಂಬರನ್ನು ಎರಡರ ನಡುವೆ ಎಲ್ಲೋ ಇಟ್ಟರೆ ಎರಡೂ ಕೆಡುತ್ತವೆ, ಹಗಲು ರಾತ್ರಿ ಎಂದು ಪಾಲು ಮಾಡಿದರೂ ಕೆಡುತ್ತವೆ. ಮೆತ್ತಗಾಗಿ ಮತ್ತೆ ಗಟ್ಟಿಯಾದ ಮೀನು ಮಸಾಲೆಯನ್ನು ಯಾರ ಮೇಲಿನ ಪ್ರೀತಿಗಾಗಿಯೂ ಒಲೆಗೆ ಇಡಬೇಡಿ. ಗಟ್ಟಿಯಾದ ಇನ್ಸುಲಿನನ್ನು ಚುಚ್ಚಿಕೊಳ್ಳಬೇಡಿ. ಮತ್ತೆ, ಗುಡ್ಡೆಯಲ್ಲೋ ತೋಟದ ಶೆಡ್ಡಿನಲ್ಲೋ ಒಬ್ಬರೇ ಇರುವವರು ನಿಮಗೆ ಗೊತ್ತಿದ್ದರೆ, ಒಮ್ಮೆ ಹತ್ತಿ ಹೋಗಿ ಕೇಳಿ ಬನ್ನಿ.

ಅವತ್ತು ಇಬ್ಬರೂ ಗುಡ್ಡೆ ಇಳಿಯುವ ಮೊದಲು ಇನ್ನೊಂದು ಕೆಲಸ ಬಾಕಿ ಇತ್ತು. ವಸುಮತಿ ಗೇರುಮರದ ಬುಡದಲ್ಲಿ ಕತ್ತಿಯಿಂದ ಗುಂಡಿ ತೋಡಿದಳು. ಮೀನು ಹಾಕಿದಳು. ಒಂದು ತೊಟ್ಟೆ ಕೊಯ್ದು ಸುರಿದಳು. ಇನ್ನೊಂದು ಕೊಯ್ದು ಸುರಿದಳು. ಖಾಲಿ ಪ್ಲಾಸ್ಟಿಕ್ಕನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಸುಕುಮಾರ ಸ್ವಲ್ಪ ದೂರದಲ್ಲಿ, ಮರಕ್ಕೆ ಕೈ ಕೊಟ್ಟು ನಿಂತಿದ್ದ.

ಮೂರನೆಯದನ್ನು ಕೊಯ್ಯಲು ಅವಳ ಕೈ ಬರಲಿಲ್ಲ. ಸೆರಗಿನಿಂದ ಅದರ ನೀರು ಒರೆಸಿ, ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

"ಇದೊಂದು ಇರಲಿ ಅಣ್ಣ. ತಿನ್ಲಿಕ್ಕಲ್ಲ. ಮನೆಯ ಫ್ರೀಜರಿನಲ್ಲಿ ಇಡಿ ಸುಮ್ಮನೆ. ಅಮ್ಮಣಿಯಕ್ಕನ ಕೈಯದ್ದು ಅಲ್ವಾ."

ಸುಕುಮಾರ ತೊಟ್ಟೆಯನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದ. ಒಮ್ಮೆ ತಿರುಗಿಸಿದ. ಮಗುಚಿ ನೋಡಿದ. ಹೆಬ್ಬೆರಳಿನಿಂದ ಮೇಲೆಲ್ಲ ಸವರಿದ. ಎಲ್ಲಿಯೂ ಬೆರಳಿನ ಒಂದು ಗುಳಿಯೂ ಇರಲಿಲ್ಲ. ಏಳು ರಾತ್ರಿ ಕರಗಿ, ಏಳು ಹಗಲು ಗಟ್ಟಿಯಾಗಿ, ಒಳಗಿನ ಮಸಾಲೆ, ಅಂಗಡಿಯ ಹೊಸ ಸಾಬೂನಿನ ಹಾಗೆ ನುಣ್ಣಗಾಗಿತ್ತು.

ಅವನು ಅದನ್ನು ಅವಳ ಕೈಗೇ ವಾಪಸು ಇಟ್ಟ.

"ಬೇಡ," ಎಂದ.