ಹೆಳವ ಉಸಿರು ಹಿಡಿದ ಕಡೆ

ಅಣ್ಣ ಕೊಟ್ರಪ್ಪನ ಮಗಳಿಗೆ ಏಳು ತಿಂಗಳು ತುಂಬಿದ ವಾರ ಹೆಳವ ತಿರಕಪ್ಪ ಬೆಳ್ಳಟ್ಟಿಗೆ ಬಂದ. ೧೯೮೩ರ ಚಳಿಗಾಲ. ಬಿಳಿಜೋಳ ತೆನೆ ಕಟ್ಟುತ್ತಿತ್ತು. ಮಾಗಡಿ ಕೆರೆಯ ಹಕ್ಕಿಗಳು ಬೆಳಗಿನ ಹೊತ್ತು ಹೊಲಗಳ ಮೇಲೆ ಹಾಯ್ದು ಹೋಗುತ್ತಿದ್ದವು. ನಾಲ್ಕೈದು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಬರುವ ಈ ಮುದುಕ ನಮ್ಮ ಕಟ್ಟೆಯ ಮೇಲೆ ಕುಳಿತು ನಮ್ಮ ವಂಶಾವಳಿಯನ್ನು ಬಾಯಿಂದಲೇ ಹೇಳಿ, ಜೋಳ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಅವನ ಅಪ್ಪ ನಮ್ಮ ಅಜ್ಜನ ಕಾಲದಲ್ಲಿ ಹಾಗೆಯೇ ಬರುತ್ತಿದ್ದನಂತೆ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಗಿತ್ತು. ಎರಡು ವರ್ಷದ ಹಿಂದೆ ಅಣ್ಣನ ಒಬ್ಬನೇ ಮಗ ಯಮನೂರಪ್ಪ ಹನ್ನೆರಡನೆಯ ವಯಸ್ಸಿಗೆ ತೀರಿಕೊಂಡಿದ್ದ. ಮೊದಲು ಮೊಳಕಾಲಿನ ಮೇಲೆ ಬಾವು ಬಂದಿತ್ತು. ಆಡುವಾಗ ಬಿದ್ದಿರಬೇಕು ಎಂದುಕೊಂಡೆವು. ಹುಬ್ಬಳ್ಳಿಯ ದವಾಖಾನೆಯಲ್ಲಿ ಎಲುಬಿನ ಕ್ಯಾನ್ಸರ್ ಎಂದು ಹೇಳಿ ತೊಡೆಯಿಂದ ಕಾಲು ತೆಗೆದರು. ಆರು ತಿಂಗಳಿಗೆ ಅದು ಪುಪ್ಪುಸಕ್ಕೆ ಏರಿತು. ಆ ಹುಡುಗ ಎರಡು ವರ್ಷದವನಿದ್ದಾಗಲೇ ಬಲಗಣ್ಣನ್ನೂ ಕಳೆದುಕೊಂಡಿದ್ದ. ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯತೊಡಗಿ, ಕಣ್ಣನ್ನೇ ತೆಗೆಸಬೇಕಾಗಿ ಬಂದಿತ್ತು. ಕಣ್ಣು ಒಂದು ಕಷ್ಟ, ಕಾಲು ಇನ್ನೊಂದು ಕಷ್ಟ ಎಂದು ನಾವು ಬೇರೆಬೇರೆಯಾಗಿ ಅತ್ತಿದ್ದೆವು.

ಕಾಲು ತೆಗೆದಾಗ ಹುಡುಗನನ್ನು ನೋಡಲು ವಾರ್ಡಿಗೆ ಬಂದ ಕಣ್ಣಿನ ಡಾಕ್ಟರ್ ಅಲ್ಲಾಉದ್ದೀನ ಲಕ್ಷ್ಮೇಶ್ವರದ ಕಡೆಯವರು. ನನ್ನನ್ನು ಕಿಟಕಿಯ ಹತ್ತಿರ ಕರೆದು ಹೇಳಿದರು: "ಇವೆರಡೂ ಒಂದ ಬ್ಯಾನಿ. ಹುಟ್ಟಾ ಬೀಜದಾಗ ಬಂದಿರ್ತೈತಿ. ಸಣ್ಣವರಿದ್ದಾಗ ಕಣ್ಣಾಗ ಏಳ್ತೈತಿ, ಉಳಕೊಂಡವ್ರಿಗೆ ಬೆಳಿಯೂ ವಯಸ್ಸಿನಾಗ ಎಲುಬಿಗೆ ಬರಬಹುದು. ನಿಮ್ಮ ಮನೆತನದಾಗ ಹಿಂಗ ಆದವ್ರು ಯಾರರ ಅದಾರೇನು?"

"ಯಾರೂ ಇಲ್ರಿ" ಎಂದೆ. ಗದಗಿನ ಕಾಲೇಜಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಗುಣ ಇಳಿಯುವ ಬಟಾಣಿ ಗಿಡದ ಪಾಠ ಓದಿ ಪಾಸಾದವನು ನಾನು. ಒಂದು ಕ್ಷಣವೂ ಯೋಚಿಸಲಿಲ್ಲ. ಅವರು ಅದನ್ನು ಹಾಗೆಯೇ ಬರೆದುಕೊಂಡರು.

"ಮುಂದ ಕೂಸು ಹುಟ್ಟಿದ್ರ ತಿಂಗಳೊಳಗ ತಗೊಂಡು ಬರ್ರಿ. ಹೊರಗ ಬೆಳ್ಳಗ ಕಾಣೂದರೊಳಗ ನಾ ಒಳಗ ನೋಡಬೇಕು. ಜಲ್ದಿ ಸಿಕ್ರ ಕಣ್ಣೂ ಉಳಿತೈತಿ, ಕೂಸೂ ಉಳಿತೈತಿ."

ಕೂಸು ಹುಟ್ಟಿತು. ತಿಂಗಳು ಕಳೆಯಿತು, ಏಳು ತಿಂಗಳೂ ಕಳೆಯಿತು. ಅತ್ತಿಗೆ ಕಸ್ತೂರೆವ್ವ ನಾಲ್ಕು ಸಲ ಕೇಳಿದಳು. ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

"ಆ ದವಾಖಾನಿಗೆ ಒಮ್ಮೆ ಕೊಟ್ಟು ಬಂದೀನಿ, ಸಾಕು" ಎನ್ನುತ್ತಿದ್ದ ಅಣ್ಣ. "ಕೂಸು ಪಿಳಿಪಿಳಿ ನೋಡಾಕತ್ತೈತಿ. ಚಲೋ ಇದ್ದದ್ದನ್ನ ಒಯ್ದು ಅವರ ಕೈಯಾಗ ಇಡೂದಿಲ್ಲ. ನಮ್ಮ ಮನ್ಯಾಗ ಅಂಥಾದ್ದು ಯಾರಿಗೂ ಆಗಿಲ್ಲ."

ಅವ್ವ ದುರಗವ್ವ ಒಲೆಯ ಮುಂದಿನಿಂದ ಅದಕ್ಕೊಂದು ಮಾತು ಸೇರಿಸುತ್ತಿದ್ದಳು: "ಅಡರಕಟ್ಟಿಂದ ಬಂದದ್ದು ಅದು." ಅಡರಕಟ್ಟಿ ಅತ್ತಿಗೆಯ ತವರು. ಅತ್ತಿಗೆ ಎದುರಾಡುತ್ತಿರಲಿಲ್ಲ. ಬಾಗಿಲ ಬೆಳಕಿಗೆ ಕೂಸನ್ನು ಹಿಡಿದು, ಅದರ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ತೆಗೆದು ನೋಡುತ್ತಿದ್ದಳು. ದಿನವೂ ನೋಡುತ್ತಿದ್ದಳು.

ತಿರಕಪ್ಪ ಮೂಲಪುರುಷ ಅಂದಪ್ಪನಿಂದ ಶುರುಮಾಡಿದ. ಅವನ ಮಕ್ಕಳು ಮುದಕಪ್ಪ ಮತ್ತು ಯಂಕಪ್ಪ. ಮುದಕಪ್ಪನ ಮಕ್ಕಳು, ಅವರ ಮಕ್ಕಳು. ಆ ಕವಲು ಮುಗಿಸಿ ನಮ್ಮ ಮುತ್ತಜ್ಜ ಯಂಕಪ್ಪನ ಕವಲಿಗೆ ಬಂದ. ಹೆಸರುಗಳಿಗಿಂತ ಹೆಚ್ಚಾಗಿ ನನ್ನ ಕಿವಿ ಅವುಗಳ ನಡುವಿನ ಜಾಗಕ್ಕೆ ಹೋಗುತ್ತಿತ್ತು. ಧಾಟಿ ಓಡುತ್ತಿರುವಾಗಲೇ ಎಲ್ಲೋ ಒಂದು ಕಡೆ ಅವನು ಉಸಿರು ಹಿಡಿದು ನಿಲ್ಲುತ್ತಿದ್ದ. ದಣಿವಿಗೆ ನಿಂತ ಹಾಗಿರಲಿಲ್ಲ. ಕೆಲವು ಕಡೆ ಒಂದು ಉಸಿರು, ಒಂದು ಕಡೆ ಎರಡು.

"ತಿರಕಪ್ಪಜ್ಜಾ, ಹೆಸರಿನ ನಡುವ ಯಾಕ ನಿಂದರ್ತಿ?"

ಅವನು ನಕ್ಕ. "ಇಷ್ಟು ವರ್ಷ ಯಾರೂ ಕೇಳಿದ್ದಿಲ್ಲ ನೋಡ್ರಿ. ಕಾಲೇಜಿಗೆ ಹಾಕಿದ್ದು ಹಾಳಾಗಿಲ್ಲ ಬಿಡ್ರಿ." ಆಮೇಲೆ ದನಿ ಇಳಿಸಿದ. "ಸಣ್ಣಂದ್ರಾಗ ಹೋದ ಕೂಸಿನ ಹೆಸರು ಹೇಳಬಾರದು ಅಂತ ನಮ್ಮ ಮನೆತನದ ರೂಢಿ. ಬಿಟ್ಟೂ ಹೋಗಬಾರದು. ಅದಕ್ಕ ಒಂದು ಉಸಿರು ಹಿಡಿತೀವಿ."

"ಹೆಣ್ಣುಕೂಸು?" ಎಂದಳು ಅತ್ತಿಗೆ ಒಳಬಾಗಿಲಿನಿಂದ.

"ಹೆಸರಿನಾಗ ಹೆಣ್ಣುಮಕ್ಕಳು ಬರೂದಿಲ್ಲವ್ವಾ. ಉಸಿರಿನಾಗ ಅವರೂ ಅದಾರ."

ಯಾರು ಹೇಗೆ ಹೋದರು ಎಂಬುದೂ ಅವನಿಗೆ ಗೊತ್ತಿತ್ತು. ಅವನ ಅಪ್ಪ, ಅಜ್ಜ ಆಗಲೇ ಮನೆಯವರನ್ನು ಕೇಳಿ ಇಟ್ಟುಕೊಂಡದ್ದು. ನಾನು ಒಂದೊಂದೇ ಉಸಿರನ್ನು ಹಿಡಿದು ಕೇಳಿದೆ. ಮುದಕಪ್ಪನ ಕವಲಿನವು ಪ್ಲೇಗು, ವಾಂತಿಭೇದಿ, ಒಂದು ಬಾವಿ. ಯಂಕಪ್ಪನ ಕವಲಿಗೆ ಬಂದಾಗ ಅವನು ನಿಧಾನವಾದ.

"ಯಂಕಪ್ಪನ ಎರಡನೇ ಮಗನಿಗೆ ಕಣ್ಣಾಗ ಬೆಳ್ಳಿ ಮೂಡಿತ್ತಂತ. ಆತನ ತಂಗಿಗೂ ಹಂಗ. ಮುಂದಿನ ತಲಿಗೆ ನಿಮ್ಮ ದೊಡ್ಡಪ್ಪ ಆಗಬೇಕಾದಾವ. ಒಕ್ಕಣ್ಣ ಇದ್ದ. ಹದಿನಾಲ್ಕಕ್ಕ ತೋಳು ಬಾತು ಹೋದ."

ಸೂಕ್ಷ್ಮದರ್ಶಕಕ್ಕೂ ಸಿಗದಷ್ಟು ಸಣ್ಣದೊಂದು ತೊಂಬತ್ತು ವರ್ಷ ಈ ಮನೆಯಲ್ಲಿ ಉತ್ತಿದೆ, ಬಿತ್ತಿದೆ, ಮದುವೆಯಾಗಿದೆ, ಒಬ್ಬರಿಂದೊಬ್ಬರಿಗೆ ದಾಟಿ ಬಂದಿದೆ. ಅದು ನಡೆದು ಬಂದ ದಾರಿ ಈ ಮುದುಕನ ಎದೆಯಲ್ಲಿ ಒಂದು ಹೆಜ್ಜೆಯೂ ತಪ್ಪದೆ ಉಳಿದಿದೆ.

"ಮುಂದ ಹೇಳು" ಎಂದ ಅಣ್ಣ.

ತಿರಕಪ್ಪ ನಮ್ಮ ಅಪ್ಪನ ಹೆಸರು ಹೇಳಿದ. ಕೊಟ್ರಪ್ಪನ ಹೆಸರು ಬರಬೇಕು. ಅವನು ಉಸಿರು ಹಿಡಿದ.

ನಮ್ಮ ಅವ್ವನಿಗೆ ನಾವಿಬ್ಬರೇ ಮಕ್ಕಳು ಎಂದು ನಾನು ತಿಳಿದಿದ್ದೆ. ಅಣ್ಣನೂ ಹಾಗೇ ತಿಳಿದಿದ್ದ. ಇಬ್ಬರೂ ಒಳಗೆ ತಿರುಗಿ ನೋಡಿದೆವು. ಅವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು.

"ಹನಮವ್ವ ಅಕಿ ಹೆಸರು" ಎಂದಳು. "ಕೊಟ್ರನಕಿಂತ ಮೊದಲಿನಾಕಿ. ದೀಪ ಹಿಡದ್ರ ಕಣ್ಣು ಹೊಳಿತಿತ್ತು. ನಾ ಚೆಂದ ಅಂತ ನೋಡಕೋತ ಕುಂದರ್ತಿದ್ನಿ. ಎರಡು ವರ್ಷಕ್ಕ ಹೋದ್ಲು. ನಿನ್ನ ತವರಿನ ದೋಷ ಅಂದ್ಲು ನಮ್ಮತ್ತಿ. ಖರೆ ಅನಕೊಂಡ್ನಿ. ಹೆಳವಗ ಬಿಟ್ಟು ಯಾರಿಗೂ ಹೇಳಬ್ಯಾಡ ಅಂತ ನಿಮ್ಮಪ್ಪಗ ಆಣಿ ಹಾಕಿದ್ನಿ. ಮೊಮ್ಮಗನ ಕಣ್ಣು ಹೊಳದಾಗ ನನ್ನಿಂದನ ಬಂತು ಅಂತ ಎದಿ ಒಡಿತು. ಅದಕ್ಕ ಇಕಿ ತವರಿಗೆ ಹಚ್ಚಿದ್ನಿ."

ಆಗ ನನಗೆ ತಿಳಿಯಿತು. ಪ್ರತಿ ತಲೆಮಾರೂ ಅದನ್ನು ಸೊಸೆಯ ತವರಿಗೆ ಕಳಿಸಿ ಬಾಗಿಲು ಹಾಕಿಕೊಂಡಿತ್ತು. ಹಾಗಾಗಿ ಪ್ರತಿ ಸಲವೂ ಅದು ಮೊದಲ ಸಲ ಬಂದಂತೆ ಬಂದಿತ್ತು.

ಅತ್ತಿಗೆ ಗಂಡನನ್ನೇ ನೋಡುತ್ತಿದ್ದಳು. ಅಣ್ಣ ಎದ್ದು ರುಮಾಲು ಹೆಗಲಿಗೆ ಹಾಕಿಕೊಂಡ.

"ಲೇ ತಮ್ಮ, ಹುಬ್ಬಳ್ಳಿ ಬಸ್ಸು ಮುಂಜಾನಿ ಎಷ್ಟಕ್ಕೈತಿ?"

ಮರುದಿನ, ತಿರಕಪ್ಪ ಹೇಳಿದ್ದನ್ನೆಲ್ಲ ನಾನು ಹೇಳಿದ ಮೇಲೆ, ಡಾಕ್ಟರ್ ಅಲ್ಲಾಉದ್ದೀನ ಕೂಸಿನ ಕಣ್ಣಿಗೆ ಹನಿ ಹಾಕಿ ಅರ್ಧ ತಾಸು ಕೂರಿಸಿದರು. ಕತ್ತಲೆ ಕೋಣೆ. ಅವರ ಹಣೆಯ ಮೇಲೆ ಸಣ್ಣದೊಂದು ದೀಪ, ಕೈಯಲ್ಲಿ ದಪ್ಪ ಗಾಜಿನ ಬಿಲ್ಲೆ. ಬಲಗಣ್ಣನ್ನು ಬಹಳ ಹೊತ್ತು ನೋಡಿದರು. ಎಡಗಣ್ಣನ್ನು ಇನ್ನೂ ಬಹಳ ಹೊತ್ತು ನೋಡಿದರು.

"ಬಲಗಣ್ಣು ಸಾಫ್ ಐತಿ. ಎಡಗಣ್ಣಾಗ ಎಳ್ಳಿನ ಕಾಳಿನಷ್ಟು ಐತಿ. ಅಂಚಿನಾಗ ಐತಿ, ನಡುವ ಇಲ್ಲ." ಅವರು ದೀಪ ಆರಿಸಲಿಲ್ಲ. "ತಂದಿಯವ್ರು ಕುಂಡ್ರಿ, ನಿಮ್ಮವೂ ನೋಡೂಣು."

ಅಣ್ಣ ಹನಿ ಹಾಕಿಸಿಕೊಂಡು ಕುಳಿತ. ಡಾಕ್ಟರು ಅವನ ಎಡಗಣ್ಣಿನ ಮೇಲೆ ಬಾಗಿದರು, ಹಿಂದೆ ಸರಿದರು, ಮತ್ತೆ ಬಾಗಿದರು.

"ನಿಮಗೂ ಆಗಿತ್ತು" ಎಂದರು ಮೆಲ್ಲಗೆ. "ಎಳಿ ಕೂಸಿದ್ದಾಗ. ತಾನ ಬೆಳಿಯೂದು ನಿಲ್ಲಿಸಿ ಒಣಗೈತಿ. ಗುರುತು ಉಳದೈತಿ. ಬರೇ ಪುಸ್ತಕದಾಗ ಓದಿದ್ನಿ, ಇವತ್ತ ನೋಡಿದ್ನಿ."

"ನಂದು ಯಾಕ ಒಣಗಿತ್ರಿ?"

"ಗೊತ್ತಿಲ್ಲ."

"ನನ್ನ ಮಗಂದು ಯಾಕ ಒಣಗಲಿಲ್ರಿ?"

"ಅದೂ ಗೊತ್ತಿಲ್ಲ ಕೊಟ್ರಪ್ಪನವರ. ಯಾರಿಗೂ ಗೊತ್ತಿಲ್ಲ."

ಅಣ್ಣ ಕೈಯಿಂದ ಆ ಕಣ್ಣನ್ನು ಮುಚ್ಚಿಕೊಂಡು ಕುಳಿತ. ಮೂವತ್ತೆಂಟು ವರ್ಷ ಅದೇ ಕಣ್ಣಿನಿಂದ ಅವನು ನಮ್ಮನ್ನೆಲ್ಲ ನೋಡಿದ್ದ. ನಾನು ಅವನ ಹತ್ತಿರ ಹೋಗಲು ಅಂಜಿದೆ. ನಮ್ಮ ಮನೆಗಿಂತ ದೊಡ್ಡದೊಂದು ಆ ಕೋಣೆಯಲ್ಲಿ ನಿಂತಂತಿತ್ತು.

"ಕೂಸಿನ ಕಣ್ಣು ತೆಗಿಬೇಕೇನ್ರಿ?" ಅತ್ತಿಗೆ ಕೇಳಿದಳು.

"ಈಗ ಬ್ಯಾಡ. ಅಷ್ಟ ಜಾಗಾ ಥಂಡಿಲೆ ಹೆಪ್ಪುಗಟ್ಟಿಸಿ ಕೊಲ್ಲೂ ಸಾಧನ ಮದ್ರಾಸಿನಾಗ ಐತಿ. ಚೀಟಿ ಕೊಡ್ತೀನಿ. ಆ ಮ್ಯಾಲೂ ಮ್ಯಾಲಿಂದ ಮ್ಯಾಲ ನೋಡಕೋತ ಇರಬೇಕು, ಹೊಸಾವು ಏಳಬಹುದು."

"ಎಲುಬಿಂದು?"

"ಬರಬಹುದು, ಬರದನೂ ಇರಬಹುದು. ದೊಡ್ಡಾಕಿ ಆಗೂ ಮುಂದ ಕೈಕಾಲು ನೋವು ಅಂದ್ರ ಒಂದು ದಿನಾನೂ ತಡಾ ಮಾಡಬ್ಯಾಡ್ರಿ."

ಅತ್ತಿಗೆ ತಲೆಯಾಡಿಸಿದಳು. ಚೀಟಿ ಬರೆಯುವವರೆಗೂ ನಿಂತಿದ್ದು, ಅದನ್ನು ತಾನೇ ಈಸಿಕೊಂಡು ಕುಪ್ಪಸದೊಳಗೆ ಇಟ್ಟುಕೊಂಡಳು.

"ಮದ್ರಾಸಿಗೆ ರೈಲು ಹೆಂಗ ಹೋಗ್ತೈತಿ?" ಎಂದು ನನ್ನನ್ನು ಕೇಳಿದಳು.

"ಇಲ್ಲಿಂದ ಗದಗ, ಗುಂತಕಲ್ ಮ್ಯಾಲೆ. ಮನಿಗೆ ಹೋಗಿ ತಯಾರಿ ಮಾಡಕೊಂಡು ಗದಗಿನಾಗ ಹತ್ತಬಹುದು."

"ಮನಿಗೆ ಯಾಕ?" ಎಂದಳು. ಕಾಲ ಬಳಿಯ ಗಂಟನ್ನು ಎತ್ತಿ ಅಣ್ಣನ ಮಡಿಲಿಗೆ ಇಟ್ಟಳು. "ಎಂಟು ದಿನದ ಅರಿವಿ ತಂದೀನಿ. ಏಳ್ರಿ."